ಹಳೆಯ ಕಾರಿನ ಮೊದಲ ದೂರ ಪ್ರಯಾಣ: ಅರಸೀಕೆರೆ ದಾಟಿ ಹಳೇಬೀಡು, ಬೇಲೂರಿಗೆ

ಐವತ್ತು ಅರವತ್ತು ವರ್ಷದ ಕಾರನ್ನು ಕೊಂಡವರಿಗೆ ಮೊದಲ ದೂರ ಪ್ರಯಾಣವೇ ಆ ಕಾರಿನ ನಿಜವಾದ ಪರೀಕ್ಷೆ. ಫಿಯೆಟ್ಟೋ, ಅಂಬಾಸಿಡರೋ, ಸ್ಟ್ಯಾಂಡರ್ಡ್ ಹೆರಾಲ್ಡೋ ಹೊಸ ಮನೆ ಸೇರುವ ಹೊತ್ತಿಗೆ ಎಷ್ಟೋ ವರ್ಷ ಶೆಡ್ಡಿನಲ್ಲಿ ನಿಂತಿರುತ್ತದೆ. ಮಾರುವವರು ಬಣ್ಣ ಹೊಡೆಸಿ, ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿ ಕೊಟ್ಟಿರುತ್ತಾರೆ. ಬ್ರೇಕಿನೊಳಗಿನ ರಬ್ಬರು, ಪೆಟ್ರೋಲ್ ಟ್ಯಾಂಕಿನ ತಳದ ತುಕ್ಕು, ರೇಡಿಯೇಟರ್ ಒಳಗೆ ಕಟ್ಟಿಕೊಂಡ ಸುಣ್ಣದ ಹಕ್ಕಳೆ ಯಾರ ಕಣ್ಣಿಗೂ ಬೀಳುವುದಿಲ್ಲ. ಊರೊಳಗೆ ಹತ್ತು ಕಿಲೋಮೀಟರ್ ಓಡಿಸಿದಾಗಲೂ ಅವು ಸುಮ್ಮನೇ ಇರುತ್ತವೆ. ಎಂಜಿನ್ ಸತತವಾಗಿ ಎರಡು ಮೂರು ಗಂಟೆ ಕಾದ ಮೇಲೆ ಒಂದೊಂದಾಗಿ ಬಯಲಿಗೆ ಬರುತ್ತವೆ.

ಆದ್ದರಿಂದ ಮೊದಲ ಪ್ರಯಾಣದ ದಾರಿಯನ್ನು ಆರಿಸುವುದೂ ಸಿದ್ಧತೆಯ ಒಂದು ಭಾಗ. ಬೆಂಗಳೂರು ಕಡೆಯವರಿಗೆ ತುಮಕೂರು, ತಿಪಟೂರು, ಅರಸೀಕೆರೆ ಮೇಲೆ ಹಳೇಬೀಡು, ಬೇಲೂರಿಗೆ ಹೋಗಿ ಹಾಸನದ ಮೂಲಕ ಹಿಂದಿರುಗುವ ದಾರಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬೆಂಗಳೂರಿನಿಂದ ಅರಸೀಕೆರೆಗೆ ಸುಮಾರು 170 ಕಿಲೋಮೀಟರ್. ಅಲ್ಲಿಂದ ಬಾಣಾವರ, ಜಾವಗಲ್ ಮೇಲೆ ಹಳೇಬೀಡಿಗೆ 40 ಚಿಲ್ಲರೆ. ಹಳೇಬೀಡಿನಿಂದ ಬೇಲೂರಿಗೆ 16. ಬೇಲೂರಿನಿಂದ ಹಾಸನಕ್ಕೆ ಸುಮಾರು 40, ಹಾಸನದಿಂದ ಚನ್ನರಾಯಪಟ್ಟಣ, ಕುಣಿಗಲ್ ಮೇಲೆ ಬೆಂಗಳೂರಿಗೆ ಸುಮಾರು 185. ಒಟ್ಟು ಸುಮಾರು 450 ಕಿಲೋಮೀಟರ್. ಹಳೆಯ ಕಾರಿಗೆ ಎರಡು ದಿನದ ಕೆಲಸ. ಈ ದಾರಿಯಲ್ಲಿ ಎಲ್ಲೂ ಘಾಟಿ ಇಲ್ಲ, ಇರುವುದು ಬಯಲುಸೀಮೆಯ ಸಣ್ಣಪುಟ್ಟ ಏರಿಳಿತ. ಗುಬ್ಬಿ, ನಿಟ್ಟೂರು, ತಿಪಟೂರು ಹೀಗೆ ಸ್ವಲ್ಪ ದೂರಕ್ಕೊಂದು ಊರು, ಊರಿಗೊಂದು ಗ್ಯಾರೇಜ್ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೆಂಗಳೂರಿನಿಂದ ಅರಸೀಕೆರೆ ಜಂಕ್ಷನ್‌ವರೆಗೆ ರೈಲು ಹಳಿ ರಸ್ತೆಗೆ ಹತ್ತಿರದಲ್ಲೇ ಸಾಗುತ್ತದೆ. ಕಾರು ನಿಂತರೆ ಮನೆಯವರನ್ನು ರೈಲು ಹತ್ತಿಸಬಹುದು, ಬೇಕಾದ ಸಾಮಾನನ್ನು ಬೆಂಗಳೂರಿನಿಂದ ಅದೇ ರೈಲಿನಲ್ಲಿ ತರಿಸಬಹುದು. ಅರಸೀಕೆರೆ ದಾಟಿದರೆ ಈ ಅನುಕೂಲ ಕಡಿಮೆ. ಹಳೇಬೀಡಿಗೂ ಬೇಲೂರಿಗೂ ರೈಲಿಲ್ಲ. ಮುಂದೆ ಹೋಗಬೇಕೋ ಬೇಡವೋ ಎಂಬ ತೀರ್ಮಾನ ಅರಸೀಕೆರೆಯಲ್ಲೇ ಆಗಬೇಕು.

ವಿಂಟೇಜ್ ಎಂಬ ಮಾತನ್ನು ಜನ ಸಡಿಲವಾಗಿ ಬಳಸುತ್ತಾರೆ. ಕಾರು ಸಂಗ್ರಹಕಾರರ ಲೆಕ್ಕದಲ್ಲಿ 1919ರಿಂದ 1930ರವರೆಗೆ ತಯಾರಾದವು ಮಾತ್ರ ವಿಂಟೇಜ್, ಸ್ಥೂಲವಾಗಿ ಅದಕ್ಕೂ ಹಿಂದಿನವು ವೆಟರನ್, ನಂತರದವು ಕ್ಲಾಸಿಕ್. ಭಾರತದ ಕಾನೂನಿನ ಲೆಕ್ಕ ಬೇರೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ವಿಂಟೇಜ್. ಹೀಗೆ ನೋಂದಾಯಿಸಿಕೊಳ್ಳುವ ಕಾರಿಗೆ ಹಳೆಯ ನಂಬರ್ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಇಲ್ಲದಿದ್ದರೆ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂದಿರುವ ಹೊಸ ನಂಬರ್ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ ಎಂದು ಆ ತಿದ್ದುಪಡಿ ನಿಗದಿ ಮಾಡಿತು. ನೋಂದಣಿ 10 ವರ್ಷ ಊರ್ಜಿತ.

ದೂರ ಪ್ರಯಾಣ ಮಾಡಬೇಕೆನ್ನುವವರು ಇದೇ ನಿಯಮದ ಇನ್ನೊಂದು ಸಾಲನ್ನು ಗಮನವಿಟ್ಟು ಓದಬೇಕು. ವಿಂಟೇಜ್ ಎಂದು ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲ್ ಹಾಕಿಸಲು, ದುರಸ್ತಿಗೆ, ಹಾಗೂ ಪ್ರದರ್ಶನ ಅಥವಾ ರ‍್ಯಾಲಿಗೆ ಹೋಗಿಬರಲು ಮಾತ್ರ ರಸ್ತೆಗಿಳಿಸಬಹುದು. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಸಂಸಾರ ಸಮೇತ ಬೇಲೂರಿಗೆ ಹೋಗಿ ದೇವಸ್ಥಾನ ನೋಡಿ ಬರುವುದು ಆ ಪಟ್ಟಿಯಲ್ಲಿ ಇಲ್ಲ. ಕಾರನ್ನು ಮನಸ್ಸು ಬಂದಾಗ ಓಡಿಸಬೇಕು ಎನ್ನುವವರು ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಂಡು, ಆರ್‌ಟಿಒ ತಪಾಸಣೆಗೆ ಕಾರು ತೋರಿಸಿ, ಐದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳುತ್ತಾ ಹೋಗುವುದು ಸರಿಯಾದ ದಾರಿ. ಕಾರು ಕೊಳ್ಳುವ ಮೊದಲೇ ಇದನ್ನು ತೀರ್ಮಾನಿಸಿಕೊಂಡರೆ ಒಳ್ಳೆಯದು.

ಉಳಿದ ಕಾಗದಪತ್ರಗಳ ವಿಷಯ ಚಿಕ್ಕದು. ಆರ್‌ಸಿ ಪುಸ್ತಕದ ಷಾಸಿ ನಂಬರ್, ಎಂಜಿನ್ ನಂಬರ್ ಎರಡೂ ಕಾರಿನ ಮೇಲೆ ಕೊರೆದಿರುವ ಅಂಕಿಗಳ ಜೊತೆ ಹೊಂದಬೇಕು. ಹಳೆಯ ಕಾರುಗಳಿಗೆ ನಡುವೆ ಎಲ್ಲೋ ಬೇರೆ ಎಂಜಿನ್ ಕೂರಿಸಿರುವುದು ಅಪರೂಪವೇನಲ್ಲ. ಅದು ಆರ್‌ಸಿಯಲ್ಲಿ ದಾಖಲಾಗಿರಬೇಕು, ಅಷ್ಟೆ. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಿ ಹೆಸರು ಬದಲಾಯಿಸಿಕೊಳ್ಳಬೇಕು. ಎಂವೈ, ಎಂಇ, ಸಿಎ ಅಕ್ಷರಗಳಿಂದ ಶುರುವಾಗುವ ಹಳೆಯ ನಂಬರ್ ಪ್ಲೇಟ್ ಇರುವ ಕಾರುಗಳ ದಾಖಲೆ ಕಂಪ್ಯೂಟರಿಗೆ ಏರಿದೆಯೇ ಎಂದು ಮೊದಲೇ ನೋಡಿಸಬೇಕು. ವಿಮೆ ಮತ್ತು ಹೊಗೆ ತಪಾಸಣೆಯ ಚೀಟಿ ಇಲ್ಲದೆ ಹೊರಡುವಂತಿಲ್ಲ.

ಇನ್ನು ಕಾರಿನ ಕಡೆಗೆ. ಜಗತ್ತಿನ ಮೊದಲ ದೂರದ ಕಾರು ಪ್ರಯಾಣ ಎಂದು ಪ್ರಸಿದ್ಧವಾಗಿರುವುದು 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ಥಾ ಬೆಂಜ್ ಮಾಡಿದ್ದು. ಗಂಡ ಕಾರ್ಲ್ ಬೆಂಜ್ ಕಟ್ಟಿದ ಮೂರು ಚಕ್ರದ ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಆಕೆ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ನೂರು ಕಿಲೋಮೀಟರಿಗೂ ಮೇಲ್ಪಟ್ಟು ಓಡಿಸಿಕೊಂಡು ಹೋದರು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ಕಿಡಿ ಒಯ್ಯುವ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿದರು. ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರರ ಬಳಿ ಹೋಗಿ ಅದಕ್ಕೆ ಚರ್ಮ ಹೊಡೆಸಿದರು. ಇಂಧನ ಖಾಲಿಯಾದಾಗ ವೀಸ್‌ಲೊಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಕೊಂಡರು. ಇಂಧನ, ಕಿಡಿ, ಬ್ರೇಕು: ಇಂದಿಗೂ ಹಳೆಯ ಕಾರುಗಳನ್ನು ದಾರಿಯಲ್ಲಿ ನಿಲ್ಲಿಸುವವು ಹೆಚ್ಚಾಗಿ ಇವೇ. ನಮ್ಮ ಹವೆಗೆ ನಾಲ್ಕನೆಯದಾಗಿ ಬಿಸಿಯನ್ನು ಸೇರಿಸಿಕೊಳ್ಳಬೇಕು.

ಮೊದಲು ಬ್ರೇಕು. ಕಾರು ಸ್ಟಾರ್ಟ್ ಆಗದಿದ್ದರೆ ಮನೆಯಲ್ಲೇ ಉಳಿಯುತ್ತದೆ, ಯಾರಿಗೂ ಪೆಟ್ಟಾಗುವುದಿಲ್ಲ. ನಿಲ್ಲದಿದ್ದರೆ ಪರಿಣಾಮ ಬೇರೆ. ಹಳೆಯ ಫಿಯೆಟ್, ಅಂಬಾಸಿಡರ್‌ಗಳಲ್ಲಿ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್, ನಾಲ್ಕಕ್ಕೂ ಒಂದೇ ಬ್ರೇಕ್ ಆಯಿಲ್ ಲೈನ್. ಈಗಿನ ಕಾರುಗಳಲ್ಲಿ ಲೈನ್ ಎರಡು ಭಾಗವಾಗಿರುತ್ತದೆ. ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯುತ್ತದೆ. ಹಳೆಯದರಲ್ಲಿ ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಹೋಗುತ್ತದೆ, ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಹಾಗಾಗಿ ಮಾರುವವರು ಏನೇ ಹೇಳಲಿ, ಮಾಸ್ಟರ್ ಸಿಲಿಂಡರ್ ಮತ್ತು ನಾಲ್ಕು ಚಕ್ರದ ವೀಲ್ ಸಿಲಿಂಡರ್‌ಗಳ ರಬ್ಬರ್ ಕಪ್ಪುಗಳನ್ನು, ಬಾಗುವ ಹೋಸ್‌ಗಳನ್ನು ಹೊಸದು ಹಾಕಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ, ಒಳಗಿನ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಹಳೆಯದನ್ನು ಪೂರ್ತಿ ಹೊರಹಾಕಿ, ಹೊಸ ಆಯಿಲ್ ತುಂಬಿ, ಗಾಳಿ ತೆಗೆಸಬೇಕು.

ಆಮೇಲೆ ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ನಿಂತ ಕಾರಿನಲ್ಲಿ ಕೂತು ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಬೇಕು. ಪೆಡಲ್ ಕಲ್ಲಿನ ಹಾಗೆ ನಿಂತರೆ ಸರಿ. ಕಾಲಿನಡಿ ಮೆಲ್ಲಗೆ ತಳಕ್ಕೆ ಇಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರ್ ಒಳಗೇ ಸೋರುತ್ತಿದೆ ಎಂದರ್ಥ. ಎರಡನೆಯದು ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದ ತಕ್ಷಣ ಮಾಡುವಂಥದ್ದು: ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಅಂಗೈ ಹಿಡಿದು ಬಿಸಿ ನೋಡಬೇಕು. ಮೂರು ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಆ ಚಕ್ರದ ಬ್ರೇಕ್ ಬಿಟ್ಟುಕೊಳ್ಳುತ್ತಿಲ್ಲ. ಹಳೆಯ ಹೋಸಿನ ಒಳಪದರ ಉಬ್ಬಿ ಆಯಿಲನ್ನು ವಾಪಸು ಬಿಡದೇ ಇರುವುದು ಇದಕ್ಕೆ ಸಾಮಾನ್ಯ ಕಾರಣ. ಹೊರಗಿನಿಂದ ಆ ಹೋಸ್ ಹೊಸದರ ಹಾಗೆಯೇ ಕಾಣುತ್ತಿರುತ್ತದೆ.

ಟೈರುಗಳ ವಿಷಯದಲ್ಲೂ ಕಣ್ಣು ಮೋಸಹೋಗುತ್ತದೆ. ಓಡದೆ ನಿಂತ ಕಾರಿನ ಟೈರು ಸವೆದಿರುವುದಿಲ್ಲ, ಆದರೆ ರಬ್ಬರ್ ಗಟ್ಟಿಯಾಗಿ ಪಕ್ಕದಲ್ಲಿ ಸಣ್ಣ ಬಿರುಕು ಬಿಟ್ಟಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಅಚ್ಚು ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಆರೇಳು ವರ್ಷ ದಾಟಿದ ಟೈರಿನಲ್ಲಿ, ಅದರ ಹೂವು ಎಷ್ಟೇ ಚೆನ್ನಾಗಿದ್ದರೂ, ಬಿಸಿಲಿನ ಹೆದ್ದಾರಿಗೆ ಹೋಗಬಾರದು. ಸ್ಟೆಪ್ನಿಗೂ ಇದೇ ಮಾತು. ಒಂದೇ ಆಕ್ಸಲ್‌ಗೆ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ಹಳೆಯ ಮಾದರಿಯ ನೈಲಾನ್ ಟೈರು ಹಾಕಿದರೆ ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ.

ಬಿಸಿಯ ತೊಂದರೆ ರೇಡಿಯೇಟರಿನಿಂದ ಶುರುವಾಗುತ್ತದೆ. ಬಯಲುಸೀಮೆಯ ಕೊಳವೆಬಾವಿ ನೀರು ಗಡಸು. ವರ್ಷಗಟ್ಟಲೆ ಅದನ್ನೇ ಸುರಿದ ರೇಡಿಯೇಟರಿನ ಸಣ್ಣ ಕೊಳವೆಗಳು, ಸ್ನಾನದ ಹಂಡೆಯ ಒಳಗೆ ಕಟ್ಟುವಂಥದ್ದೇ ಬಿಳಿ ಹಕ್ಕಳೆ ಕಟ್ಟಿ ಮುಚ್ಚಿಹೋಗಿರುತ್ತವೆ. ರೇಡಿಯೇಟರನ್ನು ಬಿಚ್ಚಿ ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಸಬೇಕು. ಎಂಜಿನ್ ಬ್ಲಾಕಿನ ಪಕ್ಕದ ನಲ್ಲಿಯನ್ನೂ ಬಿಚ್ಚಿ ಕೆಸರು ಹೊರಡಿಸಬೇಕು, ಅದನ್ನು ಬಹಳ ಮೆಕ್ಯಾನಿಕ್‌ಗಳು ಮುಟ್ಟುವುದೇ ಇಲ್ಲ. ನಂತರ ಶುದ್ಧೀಕರಿಸಿದ ನೀರಿಗೆ ಕೂಲೆಂಟ್ ಬೆರೆಸಿ ತುಂಬಬೇಕು. ಹೋಸ್ ಪೈಪನ್ನು ಹಿಂಡಿ ನೋಡಿದಾಗ ಕಡ್ಡಿಯ ಹಾಗೆ ಗಟ್ಟಿಯೂ ಇರಬಾರದು, ಹಣ್ಣಾದ ಬಾಳೆಯ ಹಾಗೆ ಮೆತ್ತಗೂ ಇರಬಾರದು. ಫ್ಯಾನ್ ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ತಗ್ಗಬೇಕು. ದಾರಿಯಲ್ಲಿ ಕಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯುವ ಆತುರ ಬೇಡ. ಕುದಿನೀರು ಮುಖಕ್ಕೆ ಹಾರುತ್ತದೆ. ಅರ್ಧ ಗಂಟೆ ಕಾದು, ದಪ್ಪ ಬಟ್ಟೆ ಹಾಕಿ ತಿರುಗಿಸಬೇಕು. ಕೆಂಪಗೆ ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಬೀಡುಕಬ್ಬಿಣದ ಬ್ಲಾಕ್ ಸೀಳಬಹುದು. ಸೀಳಿದರೆ ಪ್ರಯಾಣ ಅಲ್ಲಿಗೆ ಮುಗಿಯಿತು.

ಇಂಧನದ ವಿಷಯದಲ್ಲಿ ಕಾಲವೇ ಬದಲಾಗಿದೆ. ಈ ಕಾರುಗಳು ತಯಾರಾದದ್ದು ಸೀಸ ಬೆರೆಸಿದ ಪೆಟ್ರೋಲಿಗೆ. 2000ದ ಫೆಬ್ರುವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲ್ ಬಂತು. ಸೀಸ ಎಂಜಿನ್ನಿನ ಮೃದುವಾದ ವಾಲ್ವ್ ಸೀಟುಗಳಿಗೆ ಒಂದು ಬಗೆಯ ಹೊದಿಕೆಯಾಗಿತ್ತು. ಅದಿಲ್ಲದೆ ಗಂಟೆಗಟ್ಟಲೆ ವೇಗವಾಗಿ ಓಡಿಸಿದರೆ ಸೀಟುಗಳು ಸವೆದು ವಾಲ್ವ್ ಒಳಗೆ ಇಳಿಯುತ್ತದೆ, ಎಳೆತ ಕಡಿಮೆಯಾಗುತ್ತದೆ. ಹೆಡ್ ಬಿಚ್ಚಿಸುವ ಸಂದರ್ಭ ಬಂದಾಗ ಗಟ್ಟಿ ಉಕ್ಕಿನ ಸೀಟು ಕೂರಿಸಿದರೆ ಆ ಚಿಂತೆ ಮುಗಿಯುತ್ತದೆ. ಈಗಿನ ದೊಡ್ಡ ಸವಾಲು ಎಥನಾಲ್. 2025ರ ಹೊತ್ತಿಗೆ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ. ಅದು ಹಳೆಯ ರಬ್ಬರ್ ಪೈಪುಗಳನ್ನೂ ಪಂಪಿನ ಡಯಾಫ್ರಾಮನ್ನೂ ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಹೀರುತ್ತದೆ, ಟ್ಯಾಂಕಿನ ಗೋಡೆಗೆ ದಶಕಗಳಿಂದ ಅಂಟಿದ್ದ ಕೊಳೆಯನ್ನು ಸಡಿಲಿಸಿ ಕಾರ್ಬುರೇಟರ್‌ವರೆಗೆ ತರುತ್ತದೆ. ಟ್ಯಾಂಕ್ ಇಳಿಸಿ ತೊಳೆಸುವುದು, ಎಥನಾಲ್ ತಡೆಯುವ ಹೊಸ ಪೈಪ್ ಹಾಕಿಸುವುದು, ಪಂಪಿಗೆ ಹೊಸ ಡಯಾಫ್ರಾಮ್, ಲೈನಿನ ನಡುವೆ ಒಂದು ಪಾರದರ್ಶಕ ಫಿಲ್ಟರ್ ಇವಿಷ್ಟೂ ಆಗಲೇಬೇಕು. ಪೈಪು ಬಿರಿದು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿಯೇ. ಒಂದು ಬೆಂಕಿ ನಂದಿಸುವ ಸಿಲಿಂಡರ್ ಡಿಕ್ಕಿಯಲ್ಲಿ ಬೇಡ, ಸೀಟಿನ ಕೆಳಗೆ ಕೈಗೆ ಸಿಗುವಲ್ಲಿ ಇರಲಿ.

ಎಥನಾಲ್‌ಗೆ ಇನ್ನೊಂದು ಗುಣವಿದೆ. ಅದು ಸೇರಿದ ಪೆಟ್ರೋಲ್ ಉರಿಯಲು ಕಡಿಮೆ ಗಾಳಿ ಸಾಕು. ಹಳೆಯ ಲೆಕ್ಕಕ್ಕೆ ಹೊಂದಿಸಿದ ಕಾರ್ಬುರೇಟರ್ ಗಾಳಿಯನ್ನು ಮೊದಲಿನಷ್ಟೇ ಕೊಡುವುದರಿಂದ ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಕಾಯುತ್ತದೆ. ಕಾರ್ಬುರೇಟರ್ ಬಲ್ಲ ಮೆಕ್ಯಾನಿಕ್ ಹತ್ತಿರ ಜೆಟ್ ಹೊಂದಿಸಿಕೊಳ್ಳಬೇಕು. ಬೇಸಿಗೆಯ ಮಧ್ಯಾಹ್ನ ಪಂಪಿನಲ್ಲೇ ಪೆಟ್ರೋಲ್ ಆವಿಯಾಗಿ ಕಾರು ನಿಲ್ಲುವುದೂ ಉಂಟು. ಬಾನೆಟ್ ತೆಗೆದು, ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಲು ಗಂಟೆ ಕಾದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನ ತಿಂಗಳುಗಳು ಈ ಪ್ರಯಾಣಕ್ಕೆ ಒಳ್ಳೆಯವು ಎನ್ನುವುದಕ್ಕೆ ಇದೂ ಒಂದು ಕಾರಣ. ಮಳೆಗಾಲದಲ್ಲಿ ಡ್ರಮ್ಮಿನೊಳಗೆ ನೀರು ಹೋಗಿ ಬ್ರೇಕ್ ಹಿಡಿಯುವುದಿಲ್ಲ, ಹಳೆಯ ವೈಪರ್ ಬೇಲೂರು ಕಡೆಯ ಮಲೆನಾಡ ಅಂಚಿನ ಮಳೆಗೆ ಸಾಲದು.

ಕಿಡಿಯ ವ್ಯವಸ್ಥೆ ಸರಳ, ಆದರೆ ನಾಜೂಕು. ಡಿಸ್ಟ್ರಿಬ್ಯೂಟರ್ ಮುಚ್ಚಳದ ಕೆಳಗೆ ಉಗುರಿನಷ್ಟಿರುವ ಎರಡು ಲೋಹದ ತುದಿಗಳು ಸೇರುತ್ತಾ ಬಿಡುತ್ತಾ ಇರುತ್ತವೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಇವು ಸಿಬಿ ಪಾಯಿಂಟ್. ಇವುಗಳ ನಡುವಿನ ಸಂದು ಬಹುಪಾಲು ಹಳೆಯ ಕಾರುಗಳಲ್ಲಿ ಸುಮಾರು 0.4 ಮಿಲಿಮೀಟರ್. ತುದಿಗಳು ಸುಟ್ಟು ಗುಳಿ ಬಿದ್ದಿದ್ದರೆ ಸಣ್ಣ ಉಪ್ಪುಕಾಗದದಿಂದ ಉಜ್ಜಿ, ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಸಂದು ಸರಿಪಡಿಸಬೇಕು. ಅಳೆಯುವ ಗೇಜು ಇಲ್ಲದಾಗ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ ಊರು ತಲುಪುವಷ್ಟಕ್ಕೆ ಸಾಕಾಗುತ್ತದೆ. ಪಾಯಿಂಟ್, ಕಂಡೆನ್ಸರ್, ರೋಟರ್ ಮೂರನ್ನೂ ಹೊಸದು ಹಾಕಿಸಿ, ತೆಗೆದ ಹಳೆಯದರಲ್ಲಿ ಚೆನ್ನಾಗಿರುವುದನ್ನು ಡಬ್ಬಿಯಲ್ಲಿಟ್ಟು ಜೊತೆಗೆ ಒಯ್ಯುವುದು ಅನುಭವಸ್ಥರ ಪದ್ಧತಿ. ಹಳೆಯದು ಓಡುತ್ತಿದ್ದದ್ದು ಎಂಬುದು ಖಾತ್ರಿ. ಅಂಗಡಿಯ ಹೊಸ ಕಂಡೆನ್ಸರ್ ಬಗ್ಗೆ ಆ ಖಾತ್ರಿ ಇರುವುದಿಲ್ಲ. ಡೈನಮೋ ಇರುವ ಕಾರುಗಳಲ್ಲಿ ಎಂಜಿನ್ ನಿಧಾನವಾಗಿ ತಿರುಗುವಾಗ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ರಾತ್ರಿ ದೀಪ ಹಾಕಿ ಟ್ರಾಫಿಕ್ಕಿನಲ್ಲಿ ನಿಂತರೆ ಬ್ಯಾಟರಿ ಇಳಿಯುತ್ತಲೇ ಹೋಗುತ್ತದೆ. ರಾತ್ರಿ ಪ್ರಯಾಣವನ್ನು ಮೊದಲ ಸಲ ಇಟ್ಟುಕೊಳ್ಳಲೇಬಾರದು.

ಎಂಜಿನ್ನಿಗೆ 20ಡಬ್ಲ್ಯು-50ರಂತಹ ದಪ್ಪ ಆಯಿಲ್ ಹಾಕಿಸಬೇಕು. ಈಗಿನ ಕಾರುಗಳ ತೆಳು ಆಯಿಲ್ ಹಳೆಯ ಬೇರಿಂಗುಗಳಲ್ಲಿ ನಿಲ್ಲುವುದಿಲ್ಲ. ಕಾರಿನಡಿ ಹತ್ತಾರು ಗ್ರೀಸ್ ನಿಪ್ಪಲ್‌ಗಳಿರುತ್ತವೆ. ಕಿಂಗ್‌ಪಿನ್ನಿಗೂ ಸ್ಟಿಯರಿಂಗ್ ಕೀಲುಗಳಿಗೂ ಗ್ರೀಸ್ ಹೊಡೆಸಬೇಕು.

ಸಾಮಾನು ಸಿಗುವುದರಲ್ಲಿ ಕನ್ನಡ ನಾಡಿನ ಹಳೆಯ ಕಾರಿನವರು ಅದೃಷ್ಟವಂತರು. ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯ ಫಿಯೆಟ್ 1100, 1974ರಿಂದ ಪದ್ಮಿನಿ ಎಂಬ ಹೆಸರು ಪಡೆದು ಶತಮಾನದ ಕೊನೆಯವರೆಗೂ ತಯಾರಾಯಿತು. ಮುಂಬೈಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಯವರೆಗೂ ರಸ್ತೆಯಲ್ಲಿದ್ದವು. ಉತ್ತರಪಾರಾ ಕಾರ್ಖಾನೆಯ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಹೀಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇವೆರಡರ ಪಂಪು, ಪಾಯಿಂಟು, ಬ್ರೇಕ್ ರಬ್ಬರು ಹುಡುಕಿದರೆ ಸಿಗುತ್ತವೆ. ಅಂಬಾಸಿಡರನ್ನು ಬಾಡಿಗೆಗೆ ಓಡಿಸಿದ ಊರುಗಳಲ್ಲೆಲ್ಲ ಅದರ ಮರ್ಮ ಬಲ್ಲ ಹಿರಿಯ ಮೆಕ್ಯಾನಿಕ್ ಒಬ್ಬರಾದರೂ ಇರುತ್ತಾರೆ. ವಿದೇಶದ ಮಾರಿಸ್, ಆಸ್ಟಿನ್, ಷೆವರ್ಲೆ ಕೊಂಡವರಿಗೆ ಈ ಅನುಕೂಲ ಕಡಿಮೆ. ಅವರು ಸಾಮಾನನ್ನು ತಿಂಗಳುಗಳ ಮೊದಲೇ ತರಿಸಿ ಇಟ್ಟುಕೊಂಡಿರಬೇಕು.

ಇಷ್ಟೆಲ್ಲ ಆದ ಮೇಲೂ ನೇರವಾಗಿ ಬೇಲೂರಿಗೆ ಹೊರಡುವುದು ಸರಿಯಲ್ಲ. ಮೊದಲು ಊರ ಸುತ್ತ ಮೂವತ್ತು ಕಿಲೋಮೀಟರಿನ ಒಂದು ಓಟ, ಆಮೇಲೆ ಶಿವಗಂಗೆಗೆ ಹೋಗಿಬರುವಷ್ಟು ದೂರದ್ದು, ಕೊನೆಗೆ ತುಮಕೂರಿನ ಹತ್ತಿರದ ದೇವರಾಯನದುರ್ಗ. ಆ ಬೆಟ್ಟದ ಏರು ಎಂಜಿನ್ನಿನ ಬಿಸಿಗೂ ಇಳಿಜಾರು ಬ್ರೇಕಿಗೂ ಒಳ್ಳೆಯ ಪರೀಕ್ಷೆ. ಪ್ರತಿ ಓಟದ ನಂತರ ಕಾರಿನಡಿ ಹಳೆಯ ರಟ್ಟಿನ ಹಾಳೆ ಹಾಸಿ ರಾತ್ರಿ ಬಿಡಬೇಕು. ಬೆಳಿಗ್ಗೆ ರಟ್ಟಿನ ಮೇಲಿನ ಕಲೆಯ ಬಣ್ಣ ಸೋರಿಕೆ ಎಲ್ಲಿಂದ ಎಂದು ಹೇಳುತ್ತದೆ. ಕಪ್ಪು ಜಿಡ್ಡು ಎಂಜಿನ್ ಆಯಿಲ್, ಗಾಢ ವಾಸನೆಯ ದಪ್ಪ ಜಿಡ್ಡು ಗೇರ್ ಆಯಿಲ್, ಹಸಿರು ಅಥವಾ ಕೆಂಪು ನೀರು ಕೂಲೆಂಟ್. ಚಕ್ರದ ಒಳಬದಿಯಲ್ಲಿ ತಿಳಿಯಾದ ಜಿಡ್ಡು ಕಂಡರೆ ಅದು ಬ್ರೇಕ್ ಆಯಿಲ್. ಅದನ್ನು ಸರಿಪಡಿಸದೆ ಕಾರು ಗೇಟು ದಾಟಬಾರದು.

ಡಿಕ್ಕಿಯಲ್ಲಿ ಇರಬೇಕಾದವು: ಫ್ಯಾನ್ ಬೆಲ್ಟ್, ಮೇಲಿನ ಕೆಳಗಿನ ಎರಡೂ ರೇಡಿಯೇಟರ್ ಹೋಸ್, ನಾಲ್ಕು ಪ್ಲಗ್, ಪಾಯಿಂಟ್ ಮತ್ತು ಕಂಡೆನ್ಸರ್, ಕಾಯಿಲ್, ಫ್ಯೂಸ್, ಬಲ್ಬು, ಪಂಪಿನ ಡಯಾಫ್ರಾಮ್, ಎರಡು ಮೀಟರ್ ಪೆಟ್ರೋಲ್ ಪೈಪ್, ಬ್ರೇಕ್ ಆಯಿಲ್, ಎರಡು ಲೀಟರ್ ಎಂಜಿನ್ ಆಯಿಲ್, ಐದು ಲೀಟರ್ ಶುದ್ಧ ನೀರು, ಕಟ್ಟುವ ತಂತಿ, ಟೇಪು, ಎಳೆಯುವ ಹಗ್ಗ, ಎಚ್ಚರಿಕೆಯ ತ್ರಿಕೋನ. ಬ್ರಿಟಿಷ್ ಮೂಲದ ಕಾರಿಗೆ ಅಂಗುಲದ ಅಳತೆಯ ಸ್ಪ್ಯಾನರ್ ಬೇಕು, ಫಿಯೆಟ್ಟಿಗೆ ಮಿಲಿಮೀಟರಿನದು. ಜಾಕ್ ಆ ಕಾರಿಗೆ ಹೊಂದುತ್ತದೆಯೇ ಎಂದು ಮನೆಯಲ್ಲೇ ಒಮ್ಮೆ ಎತ್ತಿ, ಚಕ್ರ ಬಿಚ್ಚಿ ಹಾಕಿ ನೋಡಬೇಕು. ತುಕ್ಕು ಹಿಡಿದ ಚಕ್ರದ ನಟ್ಟು ಬಿಚ್ಚಲು ಬರುವುದಿಲ್ಲ ಎಂಬುದು ಗೊತ್ತಾಗುವ ಜಾಗ ಹೆದ್ದಾರಿಯ ಪಕ್ಕವಾಗಬಾರದು.

ಹೊರಡುವ ದಿನ ಬೆಳಕು ಹರಿಯುವ ಹೊತ್ತಿಗೆ ಬೆಂಗಳೂರು ಬಿಟ್ಟರೆ ಲಾರಿಗಳ ಸಂದಣಿ ತಪ್ಪುತ್ತದೆ. ಗಂಟೆಗೆ 60 ಕಿಲೋಮೀಟರ್ ಆಸುಪಾಸಿನ ವೇಗ ಹಳೆಯ ಎಂಜಿನ್ನಿಗೆ ಹಿತ. ಎಡ ಲೇನ್ ಬಿಡಬಾರದು. ಈ ಕಾರುಗಳಲ್ಲಿ ಸೀಟ್‌ಬೆಲ್ಟ್ ಇರುವುದಿಲ್ಲ ಎಂಬುದನ್ನು ಮರೆಯುವಂತಿಲ್ಲ. ಮಕ್ಕಳನ್ನು ಮುಂದಿನ ಸೀಟಿನಲ್ಲಿ ಕೂರಿಸಬಾರದು. ತುಮಕೂರಿನಲ್ಲಿ ತಿಂಡಿ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 73 ಗುಬ್ಬಿ, ತಿಪಟೂರು, ಅರಸೀಕೆರೆ, ಹಳೇಬೀಡು, ಬೇಲೂರುಗಳನ್ನು ಮುಟ್ಟುತ್ತಾ ಮಂಗಳೂರಿಗೆ ಹೋಗುತ್ತದೆ. ಬೈಪಾಸ್ ಇದ್ದಲ್ಲೂ ಊರೊಳಗಿನ ರಸ್ತೆ ಹಿಡಿಯುವುದು ಮೊದಲ ಪ್ರಯಾಣಕ್ಕೆ ಒಳ್ಳೆಯದು, ಗ್ಯಾರೇಜು ಇರುವುದು ಊರೊಳಗೆ. ಹಳೆಯ ಪೆಟ್ರೋಲ್ ಮುಳ್ಳನ್ನು ನಂಬಬಾರದು. ಕೊಬ್ಬರಿ ಮಾರುಕಟ್ಟೆಯ ಊರಾದ ತಿಪಟೂರನ್ನು ದಾಟುವಾಗ ಟ್ಯಾಂಕ್ ತುಂಬಿಸಿ, ಬೆಂಗಳೂರಿನಿಂದ ಕುಡಿದ ಲೀಟರ್ ಎಷ್ಟು ಎಂದು ಬರೆದಿಟ್ಟುಕೊಂಡರೆ ಕಾರಿನ ಹಸಿವು ಗೊತ್ತಾಗುತ್ತದೆ.

ಹತ್ತೂವರೆಯ ಹೊತ್ತಿಗೆ ಅರಸೀಕೆರೆ. ಇಲ್ಲಿ ಒಂದು ಗಂಟೆ ನಿಲ್ಲಲೇಬೇಕು. ಎಂಜಿನ್ ತಣ್ಣಗಾಗುವವರೆಗೆ ಊರಿನ ಈಶ್ವರ ದೇವಾಲಯ ನೋಡಿ ಬರಬಹುದು. ಸುಮಾರು 1220ರ ಹೊಯ್ಸಳ ಗುಡಿ. ಅದರ ಮುಂದಿನ ಹದಿನಾರು ಮೂಲೆಯ ನಕ್ಷತ್ರಾಕಾರದ ಮಂಟಪದಂಥದ್ದು ಬೇರೆಡೆ ಸಿಗುವುದು ದುರ್ಲಭ. ಬೇಲೂರು ಹಳೇಬೀಡಿಗೆ ಹೋಗುವವರು ಇದನ್ನು ನೋಡದೇ ದಾಟಿಬಿಡುತ್ತಾರೆ ಎನ್ನುವುದು ಬೇಸರದ ಸಂಗತಿ.

ವಾಪಸು ಬಂದು ಬಾನೆಟ್ ತೆಗೆದು ಮೊದಲು ಆಯಿಲ್ ಕಡ್ಡಿ, ಆಮೇಲೆ ರೇಡಿಯೇಟರ್ ನೀರು ನೋಡಬೇಕು. ಎರಡರಲ್ಲೂ ಬೆಳಗಿನ ಮಟ್ಟಕ್ಕಿಂತ ಸ್ವಲ್ಪ ಇಳಿದಿದ್ದರೆ ಸಹಜ. ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದಂತಹ ಬಣ್ಣ ಕಂಡರೆ ನೀರು ಎಂಜಿನ್ನಿಗೆ ಇಳಿಯುತ್ತಿದೆ, ಪ್ರಯಾಣ ಇಲ್ಲಿಗೆ ನಿಲ್ಲಿಸಬೇಕು. ಒಂದು ಪ್ಲಗ್ ಬಿಚ್ಚಿ ತುದಿಯನ್ನು ಬೆಳಕಿಗೆ ಹಿಡಿಯಬೇಕು. ತಿಳಿ ಕಂದು ಬಣ್ಣವಿದ್ದರೆ ಎಂಜಿನ್ ಸುಖವಾಗಿದೆ. ಒಣ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಎಣ್ಣೆ ಜಿಡ್ಡಿದ್ದರೆ ಪಿಸ್ಟನ್ ರಿಂಗುಗಳು ಸವೆದಿವೆ, ಸುಣ್ಣದ ಹಾಗೆ ಬೆಳ್ಳಗಿದ್ದರೆ ಮಿಶ್ರಣ ತೆಳುವಾಗಿ ಎಂಜಿನ್ ಅತಿಯಾಗಿ ಕಾಯುತ್ತಿದೆ. ಚಕ್ರಗಳ ಬಿಸಿಯನ್ನು ಗುಡಿಗೆ ಹೋಗುವ ಮುನ್ನ, ಕಾರು ನಿಲ್ಲಿಸಿದೊಡನೆ ನೋಡಿರಬೇಕು. ಇವುಗಳಲ್ಲಿ ಯಾವುದಾದರೂ ಸರಿಯಿಲ್ಲ ಎನಿಸಿದರೆ ಸಂಕೋಚ ಬೇಡ: ಕಾರನ್ನು ಅರಸೀಕೆರೆಯ ಗ್ಯಾರೇಜಿನಲ್ಲಿ ಬಿಟ್ಟು ರೈಲಿನಲ್ಲಿ ಮನೆಗೆ ಹೋಗಬಹುದು, ಇಲ್ಲವೇ 44 ಕಿಲೋಮೀಟರ್ ದೂರದ ಹಾಸನಕ್ಕೆ ಮೆಲ್ಲಗೆ ಒಯ್ಯಬಹುದು. ಎಂಟುನೂರು ವರ್ಷ ನಿಂತಿರುವ ದೇವಾಲಯಗಳು ಇನ್ನೊಂದು ತಿಂಗಳು ಕಾಯುತ್ತವೆ.

ಎಲ್ಲ ಸರಿಯಿದ್ದರೆ ಮುಂದಿನ ದಾರಿ ಸೊಗಸು. ತೆಂಗಿನ ತೋಟಗಳು ಹಿಂದೆ ಸರಿದು ಬಾಣಾವರ, ಜಾವಗಲ್ ದಾಟಿ ಹಳೇಬೀಡಿನ ದ್ವಾರಸಮುದ್ರ ಕೆರೆ ಕಾಣುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ಮತ್ತು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯಗಳು, ಸೋಮನಾಥಪುರದ ಜೊತೆಗೆ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಹಳೇಬೀಡಿನಲ್ಲಿ ಎರಡು ಗಂಟೆಯಾದರೂ ಬೇಕು. ಅಷ್ಟು ಹೊತ್ತು ಕಾರನ್ನು ನೆರಳಿನಲ್ಲಿ, ಗೇರಿನಲ್ಲಿಟ್ಟು ನಿಲ್ಲಿಸಬೇಕು. ರಾತ್ರಿ ತಂಗಲು ಬೇಲೂರು ಅನುಕೂಲ. ಮರುದಿನ ಬೆಳಿಗ್ಗೆ ರಟ್ಟಿನ ಪರೀಕ್ಷೆ, ಆಯಿಲ್ ಕಡ್ಡಿ, ಟೈರಿನ ಗಾಳಿ ನೋಡಿಕೊಂಡು ಹಾಸನದ ದಾರಿ ಹಿಡಿದರೆ ಮಧ್ಯಾಹ್ನದ ಊಟ ದಾಟುವಷ್ಟರಲ್ಲಿ ಬೆಂಗಳೂರು ಹತ್ತಿರವಾಗುತ್ತದೆ. ಹಾಸನದಿಂದ ಈಚೆಗೆ ನಾಲ್ಕು ಪಥದ ರಸ್ತೆ, ಹೊಸ ಕಾರುಗಳು ನೂರರ ವೇಗದಲ್ಲಿ ಹಿಂದಿನಿಂದ ಬರುತ್ತವೆ. ಹಳೆಯ ಕಾರಿನ ಹಿಂದಿನ ದೀಪಗಳು ಮಂಕು, ಆದ್ದರಿಂದ ಕತ್ತಲಾಗುವ ಮೊದಲೇ ಮನೆ ಸೇರಬೇಕು.

ಮನೆಗೆ ಬಂದ ವಾರದಲ್ಲಿ ಎಂಜಿನ್ ಆಯಿಲ್ ಬದಲಿಸಿ, ಪಾರದರ್ಶಕ ಫಿಲ್ಟರಿನಲ್ಲಿ ಎಷ್ಟು ಕೊಳೆ ಸೇರಿದೆ ನೋಡಿ, ಹೆಡ್ಡಿನ ಬೋಲ್ಟುಗಳ ಬಿಗಿ ಪರೀಕ್ಷಿಸಬೇಕು. ಬೇಲೂರಿನವರೆಗೆ ಕಾರು ಚೆನ್ನಾಗಿ ಬಂದಿತು ಎಂದ ಕೂಡಲೇ ಹಲವರಿಗೆ ಅದೇ ಹೆದ್ದಾರಿಯಲ್ಲಿ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು, ಹಳೆಯ ಕಾರುಗಳ ದೊಡ್ಡ ಸಂಗ್ರಹವಿರುವ ಧರ್ಮಸ್ಥಳಕ್ಕೆ ಹೋಗುವ ಆಸೆ ಹುಟ್ಟುತ್ತದೆ. ಖಂಡಿತ ಹೋಗಬೇಕು. ಆದರೆ ಆ ಘಾಟಿಯ ತಿರುವುಗಳನ್ನು ಎರಡನೇ ಗೇರಿನಲ್ಲೇ ಇಳಿಯಬೇಕು, ಹೊರಡುವ ಮುನ್ನ ನಾಲ್ಕೂ ಡ್ರಮ್ಮುಗಳನ್ನು ಮತ್ತೊಮ್ಮೆ ಬಿಚ್ಚಿಸಿ ಲೈನಿಂಗ್ ಎಷ್ಟು ಉಳಿದಿದೆ ಎಂದು ಕಣ್ಣಾರೆ ನೋಡಿಕೊಳ್ಳಿ.